ಚರಿತ್ರೆಯಲ್ಲಿ ಯುದ್ಧವೇ ಯಾಕೆ ಇಷ್ಟು ಜಾಸ್ತಿ?

2020ರಲ್ಲಿ ಕೊರೊನಾ ಹರಡಿದಾಗ ತುಂಬಾ ಜನ ಕೇಳಿಕೊಂಡ ಪ್ರಶ್ನೆ ಇದು: ಇಂಥದ್ದು ಹಿಂದೆ ಯಾವಾಗಲಾದರೂ ಆಗಿತ್ತಾ? ಆಗಿತ್ತು. 1918ರಿಂದ 1920ರವರೆಗೆ ಒಂದು ಫ್ಲೂ ಜ್ವರ ಇಡೀ ಜಗತ್ತನ್ನು ಸುತ್ತಿತು. ಅದಕ್ಕೆ ಬಲಿಯಾದವರು ಸುಮಾರು ಐದು ಕೋಟಿ ಎಂಬುದು ಹೆಚ್ಚಾಗಿ ಹೇಳುವ ಅಂದಾಜು. ಭಾರತದಲ್ಲೇ ಒಂದು ಕೋಟಿಗೂ ಮೇಲೆ ಜನ ಸತ್ತರು. 20ನೇ ಶತಮಾನದ ಜನಗಣತಿಗಳಲ್ಲಿ ದೇಶದ ಜನಸಂಖ್ಯೆ ಹಿಂದಿನ ಗಣತಿಗಿಂತ ಇಳಿದದ್ದು 1921ರಲ್ಲಿ ಮಾತ್ರ. ಅದಕ್ಕೆ ದೊಡ್ಡ ಕಾರಣ ಈ ಜ್ವರವೇ.

ಇಷ್ಟು ದೊಡ್ಡ ಸಂಗತಿ ನಮ್ಮಲ್ಲಿ ಎಷ್ಟೋ ಜನರಿಗೆ ಗೊತ್ತಾದದ್ದು ಮೊಬೈಲಿನಲ್ಲಿ ಹುಡುಕಿದಾಗ. ಶಾಲೆಯಲ್ಲಿ ಅದೇ ವರ್ಷಗಳ ಬಗ್ಗೆ ಓದಿರಲಿಲ್ಲವೆಂದಲ್ಲ. ಮೊದಲನೇ ಮಹಾಯುದ್ಧ ಓದಿದ್ದೆವು. ಸರಾಯೆವೊದಲ್ಲಿ ಆದ ಕೊಲೆ, ಎರಡು ಬಣಗಳು, ವರ್ಸೇಲ್ಸ್ ಒಪ್ಪಂದ, ಎಲ್ಲ ಬಾಯಿಪಾಠ ಇತ್ತು. ಆ ಯುದ್ಧದಲ್ಲಿ ಸತ್ತ ಭಾರತೀಯ ಸೈನಿಕರು ಸುಮಾರು 74 ಸಾವಿರ. ಅವರ ನೆನಪಿಗೆ ದೆಹಲಿಯಲ್ಲಿ ಇಂಡಿಯಾ ಗೇಟ್ ನಿಂತಿದೆ. ಜ್ವರಕ್ಕೆ ಸತ್ತವರಿಗೆ ಅಂಥ ಸ್ಮಾರಕವೂ ಇಲ್ಲ, ಪಾಠವೂ ಇಲ್ಲ.

ಹಾಗಾದರೆ ನಾವು ಓದುವ ಚರಿತ್ರೆ ಯುದ್ಧದ ಕಡೆಗೇ ವಾಲಿಬಿಟ್ಟಿದೆಯೇ? ಹೌದು, ಇಲ್ಲ ಎಂದು ಒಂದೇ ಮಾತಿನಲ್ಲಿ ಹೇಳುವ ಮೊದಲು ಪ್ರಶ್ನೆಯನ್ನು ಸ್ವಲ್ಪ ಬಿಡಿಸಿಕೊಳ್ಳಬೇಕು.

## ಯಾವ ಚರಿತ್ರೆಯ ಮಾತು?

ಚರಿತ್ರೆ ನಮಗೆ ಸಿಗುವುದು ಮೂರು ಜಾಗಗಳಲ್ಲಿ. ಒಂದು ಶಾಲೆ. ಇನ್ನೊಂದು ಪುಸ್ತಕದಂಗಡಿ, ಸಿನಿಮಾ, ಟೀವಿ, ಯೂಟ್ಯೂಬ್. ಮೂರನೆಯದು ವಿಶ್ವವಿದ್ಯಾಲಯ, ಅಂದರೆ ಸಂಶೋಧಕರು ಬರೆಯುವ ಚರಿತ್ರೆ. ಶಾಲೆಯಲ್ಲಿ ಮತ್ತು ಸಿನಿಮಾದಲ್ಲಿ ಯುದ್ಧ ಧಾರಾಳವಾಗಿದೆ. ಸಂಶೋಧಕರ ಜಗತ್ತಿನಲ್ಲಿ ಕಥೆ ಬೇರೆಯೇ ಇದೆ. ಮೂರನ್ನೂ ಒಂದೇ ಎಂದುಕೊಂಡು ವಾದಕ್ಕಿಳಿದರೆ ಇಬ್ಬರೂ ಗೆದ್ದ ಹಾಗೇ ಅನ್ನಿಸುತ್ತದೆ.

ಮುಂದೆ ಬರುವ ಕೆಲವು ಪದಗಳನ್ನು ಇಲ್ಲೇ ಹೇಳಿಬಿಡುತ್ತೇನೆ. ಹಿಂದಿನ ಕಾಲದ ಬಗ್ಗೆ ತಿಳಿಸುವ ಯಾವುದೇ ವಸ್ತುವನ್ನು ಚರಿತ್ರೆಕಾರರು ಆಕರ ಎನ್ನುತ್ತಾರೆ. ಶಾಸನ, ನಾಣ್ಯ, ಪತ್ರ, ಲೆಕ್ಕದ ಪುಸ್ತಕ, ಮಣ್ಣಿನಲ್ಲಿ ಸಿಕ್ಕ ಎಲುಬು, ಎಲ್ಲವೂ ಆಕರವೇ. ರಾಜರು, ಸರ್ಕಾರಗಳು, ಒಪ್ಪಂದಗಳ ಕಥೆ ರಾಜಕೀಯ ಚರಿತ್ರೆ. ಸೈನ್ಯ ಮತ್ತು ಕದನಗಳ ಕಥೆ ಸೈನಿಕ ಚರಿತ್ರೆ. ಜನ ಏನು ಬೆಳೆದರು, ಏನು ಉಟ್ಟರು, ಯಾವ ಕಾಯಿಲೆಗೆ ಸತ್ತರು, ಯಾರಿಗೆ ಸಾಲ ಕೊಟ್ಟರು ಎಂಬುದು ಸಾಮಾಜಿಕ ಮತ್ತು ಆರ್ಥಿಕ ಚರಿತ್ರೆ. ಗೆರೆಗಳು ಇಷ್ಟು ನೇರವಾಗಿರುವುದಿಲ್ಲ, ಆದರೆ ಸದ್ಯಕ್ಕೆ ಇಷ್ಟು ಸಾಕು.

## ಗೋಡೆಯ ಮೇಲೆ ಗೆಲುವು, ಮಣ್ಣಿನ ಹಲಗೆಯ ಮೇಲೆ ಲೆಕ್ಕ

ಕ್ರಿಸ್ತಪೂರ್ವ 1274ರ ಸುಮಾರಿಗೆ ಈಜಿಪ್ಟಿನ ರಾಜ ಎರಡನೇ ರಾಮ್ಸೆಸ್ ಮತ್ತು ಇಂದಿನ ಟರ್ಕಿಯ ಕಡೆ ಆಳುತ್ತಿದ್ದ ಹಿಟ್ಟೈಟರ ರಾಜ ಕದೇಶ್ ಎಂಬ ಊರಿನ ಹತ್ತಿರ ಕಾದಾಡಿದರು. ಈ ಊರು ಇದ್ದದ್ದು ಇಂದಿನ ಸಿರಿಯಾದಲ್ಲಿ. ರಾಮ್ಸೆಸ್ ವಾಪಸು ಹೋಗಿ ತಾನು ಒಬ್ಬನೇ ನಿಂತು ಗೆದ್ದೆ ಎಂಬಂತೆ ದೇವಾಲಯಗಳ ಗೋಡೆ ತುಂಬ ಕೆತ್ತಿಸಿದ. ಅಬು ಸಿಂಬೆಲ್‌ನಲ್ಲೂ ಲಕ್ಸರ್‌ನಲ್ಲೂ ಅದನ್ನು ಇವತ್ತಿಗೂ ನೋಡಬಹುದು. ನಿಜಕ್ಕೂ ಅವನು ಆ ಊರನ್ನು ಹಿಡಿಯಲಿಲ್ಲ. ಸುಮಾರು ಹದಿನೈದು ವರ್ಷದ ಮೇಲೆ ಎರಡೂ ರಾಜ್ಯಗಳು ಶಾಂತಿ ಒಪ್ಪಂದ ಮಾಡಿಕೊಂಡವು. ಅದರ ಪಠ್ಯ ಈಜಿಪ್ಟಿನಲ್ಲೂ ಇದೆ, ಹಿಟ್ಟೈಟರ ರಾಜಧಾನಿಯಲ್ಲಿ ಸಿಕ್ಕ ಮಣ್ಣಿನ ಹಲಗೆಗಳಲ್ಲೂ ಇದೆ. ಎರಡೂ ಕಡೆಯ ಪ್ರತಿ ಉಳಿದುಬಂದ ಅತಿ ಹಳೆಯ ಶಾಂತಿ ಒಪ್ಪಂದಗಳಲ್ಲಿ ಇದೊಂದು. ಆದರೂ ಪ್ರವಾಸಿಗಳ ಕ್ಯಾಮೆರಾ ತಿರುಗುವುದು ರಥದಲ್ಲಿ ಬಿಲ್ಲು ಹೂಡಿದ ರಾಜನ ಕಡೆಗೇ.

ಯುದ್ಧ ಮುಂದೆ ಬಂದು ಕೂತದ್ದಕ್ಕೆ ಮೊದಲ ಕಾರಣ ಇದು. ಕಲ್ಲಿನಲ್ಲಿ ಕೆತ್ತಿಸುವಷ್ಟು ದುಡ್ಡಿದ್ದವರು ಅರಸರು. ಅರಸರು ಕೆತ್ತಿಸಿದ್ದು ಗೆಲುವನ್ನು. ಮನೆಯ ಫೋಟೊ ಆಲ್ಬಮ್ ನೋಡಿ: ಮದುವೆ, ಹುಟ್ಟುಹಬ್ಬ ಇರುತ್ತವೆ, ಪಾತ್ರೆ ತೊಳೆಯುವ ಫೋಟೊ ಒಂದೂ ಇರುವುದಿಲ್ಲ. ಆಲ್ಬಮ್ ಸುಳ್ಳು ಹೇಳುತ್ತಿಲ್ಲ, ಆದರೆ ಅದನ್ನೊಂದೇ ನೋಡಿದವರಿಗೆ ಆ ಮನೆಯವರು ದಿನಾ ಮದುವೆ ಉಣ್ಣುತ್ತಿದ್ದರು ಅನ್ನಿಸಬಹುದು.

ಹಾಗಂತ ದಿನನಿತ್ಯದ ಬದುಕಿಗೆ ಆಕರವೇ ಇಲ್ಲ ಎಂದಲ್ಲ. ಮೆಸೊಪೊಟೇಮಿಯಾದಲ್ಲಿ, ಅಂದರೆ ಇಂದಿನ ಇರಾಕಿನ ಸುತ್ತಮುತ್ತ, ಲಕ್ಷಗಟ್ಟಲೆ ಮಣ್ಣಿನ ಹಲಗೆಗಳು ಸಿಕ್ಕಿವೆ. ಅವುಗಳಲ್ಲಿ ಬಹುಪಾಲು ಸುಮ್ನೆ ಲೆಕ್ಕಪತ್ರ. ಯಾರಿಗೆ ಎಷ್ಟು ಬಾರ್ಲಿ ಕೊಟ್ಟರು, ಎಷ್ಟು ಕುರಿ ಬಂದವು, ಕೂಲಿ ಎಷ್ಟು. ಓದುವುದಕ್ಕೆ ಬೇಜಾರು, ಕೂಡಿಸಿ ನೋಡಿದರೆ ಒಂದು ಇಡೀ ಸಮಾಜ ಕಾಣುತ್ತದೆ. ಈ ಕೂಡಿಸುವ ಕೆಲಸ ನಿಧಾನ. ರಾಜನ ಗೆಲುವಿನ ಕಥೆ ಮಾತ್ರ ಕಥೆಯಾಗಿಯೇ ಸಿದ್ಧವಾಗಿ ಸಿಗುತ್ತದೆ.

ಕಥೆ ಎಂಬುದೇ ಎರಡನೆಯ ಕಾರಣ. ಕದನಕ್ಕೆ ಒಂದು ದಿನಾಂಕ ಇದೆ, ಒಂದು ಮೈದಾನ ಇದೆ, ನಾಯಕ ಇದ್ದಾನೆ, ಎದುರಾಳಿ ಇದ್ದಾನೆ, ಸಂಜೆಯ ಹೊತ್ತಿಗೆ ಫಲಿತಾಂಶ ಇದೆ. ಗ್ರೀಸಿನ ಹೆರೊಡೋಟಸ್ ಚರಿತ್ರೆ ಬರೆಯಲು ಕೂತಾಗ ಪರ್ಷಿಯಾದ ಜೊತೆಗಿನ ಯುದ್ಧಗಳನ್ನು ಆರಿಸಿಕೊಂಡ. ಅವನ ನಂತರದ ಥುಸಿಡಿಡೀಸ್ ತಾನೇ ಸೇನಾಪತಿಯಾಗಿದ್ದವನು, ಅಥೆನ್ಸ್ ಮತ್ತು ಸ್ಪಾರ್ಟಾ ನಡುವಿನ ಯುದ್ಧವನ್ನು ಬರೆದ. ಯುರೋಪು ಈ ಇಬ್ಬರನ್ನು ಗುರುಗಳೆಂದು ಇಟ್ಟುಕೊಂಡಿತು. ಆದರೆ ಚರಿತ್ರೆ ಹೀಗೇ ಇರಬೇಕಿತ್ತು ಎಂದೇನೂ ಇರಲಿಲ್ಲ. ಚೀನಾದ ಸಿಮಾ ಚಿಯೆನ್ ಕ್ರಿಸ್ತಪೂರ್ವ 100ರ ಆಸುಪಾಸಿನಲ್ಲಿ ಬರೆದ ದೊಡ್ಡ ಚರಿತ್ರೆಯಲ್ಲಿ ನದಿ ಮತ್ತು ಕಾಲುವೆಗಳಿಗೆ ಒಂದು ಅಧ್ಯಾಯ ಇದೆ, ವ್ಯಾಪಾರಿಗಳಿಗೆ ಇನ್ನೊಂದು. ಹೆರೊಡೋಟಸ್ ಕೂಡ ಯುದ್ಧದ ದಾರಿಯಲ್ಲಿ ಈಜಿಪ್ಟಿನವರ ಆಚಾರ, ನೈಲ್ ನದಿಯ ಪ್ರವಾಹ ಎಂದು ಪುಟಗಟ್ಟಲೆ ಅಡ್ಡದಾರಿ ಹಿಡಿಯುತ್ತಾನೆ. ನನಗಂತೂ ಆ ಅಡ್ಡದಾರಿಗಳೇ ಇಷ್ಟ.

ಮೂರನೆಯದು ಹತ್ತೊಂಬತ್ತನೇ ಶತಮಾನದ ಕಾರಣ. ಚರಿತ್ರೆ ಒಂದು ವೃತ್ತಿಯಾದದ್ದು, ವಿಶ್ವವಿದ್ಯಾಲಯದ ವಿಷಯವಾದದ್ದು ಆಗ. ಬರ್ಲಿನ್‌ನ ಲಿಯೊಪೋಲ್ಡ್ ಫಾನ್ ರಾಂಕೆ, ಸರ್ಕಾರಿ ದಾಖಲೆಗಳನ್ನು ನೋಡದೆ ಚರಿತ್ರೆ ಬರೆಯಬಾರದು ಎಂದು ಶಿಷ್ಯರಿಗೆ ಕಲಿಸಿದ. ಒಳ್ಳೆಯ ಪಾಠವೇ. ಆದರೆ ಸರ್ಕಾರಿ ದಾಖಲೆಗಳಲ್ಲಿ ಇರುವುದು ರಾಯಭಾರಿಗಳ ವರದಿ, ಒಪ್ಪಂದ, ಯುದ್ಧದ ಖರ್ಚು. ಅದೇ ಕಾಲಕ್ಕೆ ಯುರೋಪಿನಲ್ಲಿ ಹೊಸ ರಾಷ್ಟ್ರಗಳು ಹುಟ್ಟುತ್ತಿದ್ದವು. ಜರ್ಮನಿ ಒಂದಾದದ್ದೇ 1864, 1866 ಮತ್ತು 1870-71ರ ಮೂರು ಯುದ್ಧಗಳಿಂದ. ಮಕ್ಕಳನ್ನು ರಾಷ್ಟ್ರದ ಪ್ರಜೆಗಳಾಗಿ ಮಾಡಲು ಶಾಲೆಯಲ್ಲಿ ರಾಷ್ಟ್ರದ ಕಥೆ ಬೇಕಾಯಿತು. ಆ ಅಚ್ಚಿನ ಪಠ್ಯಪುಸ್ತಕವೇ ವಸಾಹತುಗಳಿಗೂ ಬಂತು. ಯಾವ ರಾಜವಂಶ, ಯಾವ ಯುದ್ಧ, ಯಾರು ಗೆದ್ದರು ಎಂಬ ಕ್ರಮ ನಮಗೆ ಹಾಗೆ ಅಂಟಿಕೊಂಡಿತು.

## ಅದೇ ಶಾಸನದ ಕೆಳಗಿನ ಸಾಲುಗಳು

ಇಲ್ಲಿ ಸ್ವಲ್ಪ ನಿಲ್ಲಬೇಕು. ಆಕರಗಳೇ ಯುದ್ಧಮಯ, ಚರಿತ್ರೆಕಾರ ಏನು ಮಾಡಿಯಾನು ಎಂಬ ವಾದ ಅರ್ಧ ಮಾತ್ರ ಸರಿ.

ಐಹೊಳೆಯ ಮೇಗುಟಿ ಗುಡಿಯ ಶಾಸನ ಪ್ರಸಿದ್ಧ. 634ರಲ್ಲಿ ರವಿಕೀರ್ತಿ ಬರೆದದ್ದು. ಇಮ್ಮಡಿ ಪುಲಕೇಶಿ ಉತ್ತರದ ಹರ್ಷನನ್ನು ಸೋಲಿಸಿದ್ದು ಅದರಲ್ಲಿದೆ ಎಂದು ಪರೀಕ್ಷೆಗೆ ಓದಿದ ಎಲ್ಲರಿಗೂ ಗೊತ್ತು. ಆ ಶಾಸನ ಹುಟ್ಟಿದ್ದು ಯುದ್ಧವನ್ನು ಹೇಳಲು ಅಲ್ಲ ಎಂಬುದು ಅಷ್ಟಾಗಿ ಗೊತ್ತಿಲ್ಲ. ರವಿಕೀರ್ತಿ ಒಂದು ಜಿನಾಲಯ ಕಟ್ಟಿಸಿದ, ಅದನ್ನು ದಾಖಲಿಸಲು ಹಾಕಿಸಿದ ಶಾಸನ ಅದು. ಕಟ್ಟಿಸಿದ ಮಾತು ಬರುವ ಮೊದಲು ಅರಸನ ಹೊಗಳಿಕೆ ಉದ್ದಕ್ಕೆ ಬರುತ್ತದೆ.

ದೊಡ್ಡ ಶಾಸನಗಳಲ್ಲಿ ಬಹಳಷ್ಟರ ರಚನೆ ಹೀಗೇ. ಮೊದಲು ಪ್ರಶಸ್ತಿ, ಅಂದರೆ ಅರಸನ ವಂಶ, ಬಿರುದು, ಗೆದ್ದ ಯುದ್ಧಗಳು. ಆಮೇಲೆ ನಿಜವಾದ ಕೆಲಸದ ಮಾತು: ಯಾರು ಯಾರಿಗೆ ಎಷ್ಟು ಭೂಮಿ ಕೊಟ್ಟರು, ಅದರ ನಾಲ್ಕು ದಿಕ್ಕಿನ ಎಲ್ಲೆ ಯಾವುದು, ಯಾವ ಸುಂಕ ಬಿಟ್ಟರು, ಕೆರೆಯ ದುರಸ್ತಿಗೆ ಹಣ ಎಲ್ಲಿಂದ. ಶಾಸನ ತಜ್ಞ ಬಿ.ಎಲ್. ರೈಸ್ ಮತ್ತು ಅವರ ಜೊತೆಗಾರರು ಮೈಸೂರು ಸೀಮೆಯಲ್ಲಿ ಸುಮಾರು 9 ಸಾವಿರ ಶಾಸನಗಳನ್ನು ಸಂಗ್ರಹಿಸಿದರು. ಆಗಿನ ಚರಿತ್ರೆಕಾರರ ತುರ್ತು ಬೇರೆ ಇತ್ತು. ಯಾವ ಅರಸ ಯಾವಾಗ ಆಳಿದ ಎಂಬ ಪಟ್ಟಿಯೇ ಇರಲಿಲ್ಲ. ಹಾಗಾಗಿ ಅವರ ಕಣ್ಣು ಮೇಲಿನ ಸಾಲುಗಳ ಮೇಲೆ ಬಿತ್ತು. ಪಟ್ಟಿ ಸಿದ್ಧವಾಯಿತು. ಪಠ್ಯಪುಸ್ತಕ ಆ ಪಟ್ಟಿಯನ್ನೇ ಎತ್ತಿಕೊಂಡಿತು.

ಕೆಳಗಿನ ಸಾಲುಗಳಿಗೆ ಓದುಗರು ಆಮೇಲೆ ಬಂದರು. ಡಿ.ಡಿ. ಕೊಸಾಂಬಿ, ಆರ್.ಎಸ್. ಶರ್ಮ ಅಂಥ ಚರಿತ್ರೆಕಾರರು ಭೂದಾನದ ದಾಖಲೆಗಳಿಂದ ಬೇಸಾಯ, ತೆರಿಗೆ, ಜಾತಿಗಳ ಕಥೆ ಕಟ್ಟಿದರು. ಕನ್ನಡದಲ್ಲಿ ಎಂ. ಚಿದಾನಂದಮೂರ್ತಿ 1960ರ ದಶಕದಲ್ಲಿ ಶಾಸನಗಳನ್ನು ಜನಜೀವನ ತಿಳಿಯುವುದಕ್ಕಾಗಿಯೇ ಓದಿದರು. ಕಲ್ಲು ಅದೇ, ಅಕ್ಷರ ಅದೇ. ಕೇಳಿದ ಪ್ರಶ್ನೆ ಬದಲಾಯಿತು, ಸಿಕ್ಕ ಉತ್ತರವೂ ಬದಲಾಯಿತು.

ವೀರಗಲ್ಲುಗಳ ವಿಷಯವೂ ಹಾಗೇ. ನೋಡಿದ ತಕ್ಷಣ ಯುದ್ಧದ ಸ್ಮಾರಕ ಅನ್ನಿಸುತ್ತದೆ. ಓದಿದರೆ ಎಷ್ಟೋ ಕಲ್ಲುಗಳು ಅರಸರ ಯುದ್ಧದವಲ್ಲ. ದನ ಹೊಡೆದುಕೊಂಡು ಹೋಗಲು ಬಂದವರನ್ನು ತಡೆದು ಸತ್ತವನ ಕಲ್ಲು ಅದು. ದನವೇ ಆಸ್ತಿಯಾಗಿದ್ದ ಊರುಗಳ ಆರ್ಥಿಕ ಚರಿತ್ರೆ ಅದರಲ್ಲಿದೆ.

## 1815: ಒಂದು ಕದನ, ಒಂದು ಜ್ವಾಲಾಮುಖಿ

1815 ಎಂದರೆ ವಾಟರ್ಲೂ. ಜೂನ್ 18ರಂದು ನೆಪೋಲಿಯನ್ ಸೋತ. ಒಂದೇ ದಿನದಲ್ಲಿ ಸತ್ತವರು, ಗಾಯಗೊಂಡವರು ಸೇರಿ ಸುಮಾರು 50 ಸಾವಿರ.

ಅದಕ್ಕೆ ಎರಡು ತಿಂಗಳ ಮುಂಚೆ, ಏಪ್ರಿಲ್ 10ರಂದು, ಇಂದಿನ ಇಂಡೋನೇಷ್ಯಾದ ಸುಂಬಾವ ದ್ವೀಪದಲ್ಲಿ ತಂಬೋರ ಜ್ವಾಲಾಮುಖಿ ಸಿಡಿಯಿತು. ಬರಹದಲ್ಲಿ ದಾಖಲಾದ ಸ್ಫೋಟಗಳಲ್ಲೇ ಅತಿ ದೊಡ್ಡದೆಂದು ಇದನ್ನು ಎಣಿಸುತ್ತಾರೆ. ಸುತ್ತಲಿನ ದ್ವೀಪಗಳಲ್ಲಿ ಸ್ಫೋಟಕ್ಕೂ ಆಮೇಲಿನ ಹಸಿವಿಗೂ ಸತ್ತವರು 70 ಸಾವಿರಕ್ಕೂ ಹೆಚ್ಚು ಎಂಬ ಅಂದಾಜಿದೆ. ಬೂದಿ ಮತ್ತು ಅನಿಲ ಆಕಾಶದ ಎತ್ತರಕ್ಕೆ ಹೋಗಿ ಭೂಮಿಯ ಸುತ್ತ ಹರಡಿದವು. ಬಿಸಿಲು ತೆಳುವಾಯಿತು. 1816ರಲ್ಲಿ ಯುರೋಪಿಗೂ ಉತ್ತರ ಅಮೆರಿಕಕ್ಕೂ ಬೇಸಿಗೆ ಬರಲೇ ಇಲ್ಲ. ಅಮೆರಿಕದ ಈಶಾನ್ಯದಲ್ಲಿ ಜೂನ್ ತಿಂಗಳಲ್ಲಿ ಹಿಮ ಬಿತ್ತು. ಸ್ವಿಟ್ಜರ್ಲೆಂಡ್, ದಕ್ಷಿಣ ಜರ್ಮನಿಯಲ್ಲಿ ಬೆಳೆ ಹೋಯಿತು, ಧಾನ್ಯಕ್ಕಾಗಿ ಗಲಭೆಗಳಾದವು, ಜನ ಊರು ಬಿಟ್ಟರು.

ಇದರಲ್ಲಿ ಒಂದು ವಿಚಿತ್ರ ಸಂಗತಿ ಇದೆ. ಏಪ್ರಿಲ್ 5ರಂದು ತಂಬೋರ ಮೊದಲ ಸಲ ಗುಡುಗಿದಾಗ ದೂರದ ಜಾವಾದಲ್ಲಿದ್ದ ಬ್ರಿಟಿಷರು ಅದನ್ನು ತೋಪಿನ ಸದ್ದು ಎಂದುಕೊಂಡರು. ಎಲ್ಲೋ ದಾಳಿಯಾಗಿದೆ ಎಂದು ಯೋಗ್ಯಕರ್ತದಿಂದ ಸೈನಿಕರ ತುಕಡಿಯೇ ಹೊರಟಿತು. ಜ್ವಾಲಾಮುಖಿ ಸಿಡಿದರೂ ಕೇಳಿಸಿದ್ದು ಯುದ್ಧ!

ತಂಬೋರ ಪಠ್ಯಪುಸ್ತಕಕ್ಕೆ ಬಾರದಿರಲು ಕಾರಣ ಸುಲಭ. 1816ರಲ್ಲಿ ಚಳಿಗೆ ನಡುಗಿದ ರೈತನಿಗೆ ಅದು ಯಾತರಿಂದ ಎಂದು ಗೊತ್ತಿರಲಿಲ್ಲ. ಈ ಎರಡನ್ನೂ ಜೋಡಿಸಿ ನೋಡಿದ್ದು ಸುಮಾರು ನೂರು ವರ್ಷದ ಮೇಲೆ, ಹವಾಮಾನ ಶಾಸ್ತ್ರಜ್ಞರು. ಈಗ ಧ್ರುವ ಪ್ರದೇಶದ ಹಿಮದ ಪದರಗಳಲ್ಲಿ, ಹಳೆಯ ಮರಗಳ ಉಂಗುರಗಳಲ್ಲಿ ಅದರ ಗುರುತು ಸಿಗುತ್ತದೆ. ಹಿಮವೂ ಮರವೂ ಆಕರಗಳಾದದ್ದು ತೀರಾ ಇತ್ತೀಚೆಗೆ. ರೋಗ, ಹವೆ, ಜನನ ಮರಣಗಳ ಏರಿಳಿತ ಇವುಗಳಿಗೆ ಬಾವುಟ ಇರುವುದಿಲ್ಲ, ಸೇನಾಪತಿ ಇರುವುದಿಲ್ಲ. ನಡೆಯುತ್ತಿರುವಾಗ ಅವು ಘಟನೆ ಎಂದು ಕಾಣಿಸುವುದೇ ಕಷ್ಟ.

ಶಾಂತಿಗೂ ಇದೇ ತೊಂದರೆ. ಜಪಾನಿನಲ್ಲಿ 1603ರಿಂದ 1868ರವರೆಗೆ ತೊಕುಗಾವ ಮನೆತನದ ಆಡಳಿತ. 1638ರಲ್ಲಿ ಶಿಮಬಾರ ದಂಗೆ ಅಡಗಿದ ಮೇಲೆ ಎರಡು ಶತಮಾನ ದೊಡ್ಡ ಯುದ್ಧವೇ ಇಲ್ಲ. ಆ ಅವಧಿಯಲ್ಲಿ ಎದೊ, ಅಂದರೆ ಇಂದಿನ ಟೋಕಿಯೊ, ಹತ್ತು ಲಕ್ಷ ಜನರ ನಗರವಾಗಿ ಬೆಳೆಯಿತು. ಅಚ್ಚಿನ ಪುಸ್ತಕಗಳು, ನಾಟಕ, ವ್ಯಾಪಾರ, ಶಾಲೆಗಳು ಹರಡಿದವು. ವಿಶ್ವ ಇತಿಹಾಸದ ಪಾಠಗಳಲ್ಲಿ ಈ ಎರಡು ಶತಮಾನ ಹೆಚ್ಚೆಂದರೆ ಒಂದು ಪ್ಯಾರಾ. ಜಪಾನು ಮತ್ತೆ ಕಾಣಿಸುವುದು 1853ರಲ್ಲಿ ಅಮೆರಿಕದ ಯುದ್ಧನೌಕೆಗಳು ಬಂದಾಗ.

## ಸಂಶೋಧಕರು ದಾರಿ ಬದಲಿಸಿ ಬಹಳ ಕಾಲವಾಯಿತು

1929ರಲ್ಲಿ ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಮಾರ್ಕ್ ಬ್ಲಾಕ್ ಮತ್ತು ಲೂಸಿಯನ್ ಫೆಬ್ರ್ ಒಂದು ಪತ್ರಿಕೆ ಶುರುಮಾಡಿದರು. ರಾಜ, ಕದನ, ಒಪ್ಪಂದಗಳನ್ನು ಬಿಟ್ಟು ಹೊಲದ ಆಕಾರ, ಧಾನ್ಯದ ಬೆಲೆ, ಜನರ ನಂಬಿಕೆಗಳ ಕಡೆ ನೋಡಿ ಎಂದರು. ಅವರ ಶಿಷ್ಯಪರಂಪರೆಯ ಫರ್ನಾಂಡ್ ಬ್ರೊಡೆಲ್ 1949ರಲ್ಲಿ ಮೆಡಿಟರೇನಿಯನ್ ಸಮುದ್ರದ ಮೇಲೆ ದೊಡ್ಡ ಅಧ್ಯಯನ ಪ್ರಕಟಿಸಿದರು. ಅದರಲ್ಲಿ ಬೆಟ್ಟ, ಕಡಲು, ಹವೆ ಮೊದಲು ಬರುತ್ತವೆ. ವ್ಯಾಪಾರ ಮತ್ತು ಸಮಾಜ ಆಮೇಲೆ. ಯುದ್ಧ ಕೊನೆಗೆ.

ಇವರು ಯುದ್ಧದ ಅರಿವಿಲ್ಲದವರಲ್ಲ. ಬ್ಲಾಕ್ ಮೊದಲನೇ ಮಹಾಯುದ್ಧದಲ್ಲಿ ಹೋರಾಡಿದ್ದರು. ಎರಡನೆಯದರಲ್ಲಿ ನಾಜಿ ವಿರೋಧಿ ಭೂಗತ ಹೋರಾಟ ಸೇರಿ 1944ರಲ್ಲಿ ಗುಂಡಿಗೆ ಬಲಿಯಾದರು. ಬ್ರೊಡೆಲ್ ತಮ್ಮ ಪುಸ್ತಕದ ಮೊದಲ ರೂಪವನ್ನು ಬರೆದದ್ದು ಜರ್ಮನಿಯ ಯುದ್ಧಕೈದಿಗಳ ಶಿಬಿರದಲ್ಲಿ. ದಿನದಿನದ ಯುದ್ಧದ ಸುದ್ದಿಗಳ ಆಚೆಗೆ ನಿಧಾನವಾಗಿ ಚಲಿಸುವ ಏನನ್ನೋ ನೋಡಬೇಕೆಂಬ ಹಂಬಲ ಅಲ್ಲಿ ಹುಟ್ಟಿದ್ದರೆ ಆಶ್ಚರ್ಯವಿಲ್ಲ.

ಮುಂದೆ ಇಂಗ್ಲೆಂಡಿನಲ್ಲಿ ಕಾರ್ಮಿಕರ ಚರಿತ್ರೆ, 1970ರ ದಶಕದಿಂದ ಹೆಂಗಸರ ಚರಿತ್ರೆ, 1982ರಿಂದ ರಣಜಿತ್ ಗುಹಾ ಮತ್ತು ಗೆಳೆಯರು ಬರೆದ ಭಾರತದ ರೈತರ, ಬುಡಕಟ್ಟಿನವರ ಚರಿತ್ರೆ ಬಂದವು. ಪರಿಸರದ ಚರಿತ್ರೆ, ರೋಗಗಳ ಚರಿತ್ರೆ ಈಗ ಪೂರ್ಣ ಪ್ರಮಾಣದ ವಿಷಯಗಳು. ಎಷ್ಟರಮಟ್ಟಿಗೆ ಎಂದರೆ, ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಸೈನಿಕ ಚರಿತ್ರೆ ಕಲಿಸುವವರ ದೂರು ಉಲ್ಟಾ ಆಗಿದೆ. ವಿದ್ಯಾರ್ಥಿಗಳಿಗೆ ಆಸಕ್ತಿ ಇದೆ, ವಿಭಾಗಗಳಲ್ಲಿ ನಮಗೆ ಜಾಗ ಇಲ್ಲ ಎಂಬುದು ಅವರ ವಾದ. ಪುಸ್ತಕದಂಗಡಿಯ ಕಪಾಟು ನೋಡಿದವರಿಗೆ ಇದು ನಂಬಲು ಕಷ್ಟ, ಅಲ್ವಾ?

## ಯುದ್ಧವನ್ನು ಬಿಟ್ಟರೆ ಏನು ಅರ್ಥವಾಗುವುದಿಲ್ಲ?

ಬಹಳ. ಸಂಬಳದಲ್ಲಿ ಕಡಿತವಾಗುವ ಆದಾಯ ತೆರಿಗೆಯನ್ನೇ ತೆಗೆದುಕೊಳ್ಳಿ. ಬ್ರಿಟನ್ ಅದನ್ನು 1799ರಲ್ಲಿ ತಂದದ್ದು ಫ್ರಾನ್ಸ್ ಜೊತೆಗಿನ ಯುದ್ಧದ ಖರ್ಚಿಗೆ. ಭಾರತಕ್ಕೆ 1860ರಲ್ಲಿ ಬಂದದ್ದು 1857ರ ದಂಗೆಯನ್ನು ಅಡಗಿಸಲು ಆದ ಸಾಲ ತೀರಿಸಲು. ಬ್ಯಾಂಕ್ ಆಫ್ ಇಂಗ್ಲೆಂಡ್ 1694ರಲ್ಲಿ ಹುಟ್ಟಿದ್ದೇ ಸರ್ಕಾರಕ್ಕೆ ಯುದ್ಧದ ಸಾಲ ಕೊಡಲು. ಆಹಾರವನ್ನು ಗಾಳಿಯಾಡದಂತೆ ಮುಚ್ಚಿ ಕೆಡದಂತೆ ಇಡುವ ವಿಧಾನಕ್ಕೆ ನಿಕೊಲಾ ಅಪೇರ್‌ಗೆ 1810ರಲ್ಲಿ ಫ್ರಾನ್ಸ್ ಸರ್ಕಾರ 12 ಸಾವಿರ ಫ್ರಾಂಕ್ ಕೊಟ್ಟಿತು. ಸೈನ್ಯಕ್ಕೆ ಉಣ್ಣಿಸುವ ಚಿಂತೆ ಅದರ ಹಿಂದಿತ್ತು. ಪೆನಿಸಿಲಿನ್ ಪತ್ತೆಯಾದದ್ದು 1928ರಲ್ಲಿ, ದೊಡ್ಡ ಪ್ರಮಾಣದಲ್ಲಿ ತಯಾರಾದದ್ದು ಎರಡನೇ ಮಹಾಯುದ್ಧದಲ್ಲಿ.

ಜರ್ಮನಿಯ ರಸಾಯನ ವಿಜ್ಞಾನಿ ಫ್ರಿಟ್ಸ್ ಹೇಬರ್ ಕಥೆಯಲ್ಲಿ ಈ ಗಂಟು ಇನ್ನೂ ಬಿಗಿ. ಗಾಳಿಯಲ್ಲಿರುವ ಸಾರಜನಕದಿಂದ ಅಮೋನಿಯಾ ಮಾಡುವುದನ್ನು ಅವನು 1909ರಲ್ಲಿ ತೋರಿಸಿದ. 1913ರಲ್ಲಿ ಕಾರ್ಖಾನೆ ಶುರುವಾಯಿತು. ಅದರಿಂದ ರಾಸಾಯನಿಕ ಗೊಬ್ಬರ ಬಂತು. ಇಂದು ಜಗತ್ತಿನ ಅರ್ಧದಷ್ಟು ಜನರ ಊಟ ಆ ಗೊಬ್ಬರವನ್ನು ನಂಬಿದೆ ಎಂಬ ಲೆಕ್ಕವಿದೆ. ಅದೇ ಅಮೋನಿಯಾದಿಂದ ಯುದ್ಧಕಾಲದ ಜರ್ಮನಿ ಸ್ಫೋಟಕ ಮಾಡಿತು. ಅದೇ ಹೇಬರ್ 1915ರ ಏಪ್ರಿಲ್ 22ರಂದು ಬೆಲ್ಜಿಯಂನ ಈಪ್ರ್ ಬಳಿ ಕ್ಲೋರಿನ್ ವಿಷಾನಿಲ ಬಿಟ್ಟ ದಾಳಿಯನ್ನು ಸಜ್ಜುಗೊಳಿಸಿದವನು. ಇದು ಯಾವ ಅಧ್ಯಾಯಕ್ಕೆ ಸೇರಬೇಕು? ಬೇಸಾಯಕ್ಕೋ, ವಿಜ್ಞಾನಕ್ಕೋ, ಯುದ್ಧಕ್ಕೋ?

ಹಾಗಾಗಿ ಯುದ್ಧಕ್ಕೆ ಕೊಟ್ಟ ಪುಟಗಳನ್ನು ಎಣಿಸುವುದರಿಂದ ಅಷ್ಟೇನೂ ತಿಳಿಯುವುದಿಲ್ಲ. ಆ ಪುಟಗಳಲ್ಲಿ ಏನಿದೆ ಎಂದು ನೋಡಬೇಕು. ಯಾರು ಎಡಗಡೆಯಿಂದ ನುಗ್ಗಿದರು, ಯಾರ ಕುದುರೆ ಬಿತ್ತು ಎಂಬುದಷ್ಟೇ ಇದ್ದರೆ ಅದು ಕದನದ ವರದಿ. ಸೈನಿಕರ ಸಂಬಳ ಎಲ್ಲಿಂದ ಬಂತು, ಎತ್ತುಗಳನ್ನು ಯಾರ ಹೊಲದಿಂದ ಎಳೆದೊಯ್ದರು, ಗೆದ್ದ ಮೇಲೆ ಕಂದಾಯ ಯಾರ ಕೈಗೆ ಹೋಯಿತು ಎಂದೂ ಕೇಳಿದರೆ ಅದು ಯುದ್ಧದ ಚರಿತ್ರೆ. ಸೈನಿಕ ಚರಿತ್ರೆಯನ್ನೇ ಬರೆಯುವವರಲ್ಲೂ ಹಲವರು ಸುಮಾರು ಐವತ್ತು ವರ್ಷಗಳಿಂದ ಈ ದಾರಿಗೆ ಬಂದಿದ್ದಾರೆ.

## ಪ್ಲಾಸಿ ಗೊತ್ತು, ದಿವಾನಿ ಗೊತ್ತೇ?

1757ರ ಜೂನ್ 23. ಪ್ಲಾಸಿ ಕದನ. ಈಸ್ಟ್ ಇಂಡಿಯಾ ಕಂಪನಿಯ ಕ್ಲೈವ್ ಕಡೆ ಸುಮಾರು 3 ಸಾವಿರ ಜನ, ಬಂಗಾಳದ ನವಾಬ ಸಿರಾಜುದ್ದೌಲನ ಕಡೆ ಸುಮಾರು 50 ಸಾವಿರ. ಕಂಪನಿಯ ಕಡೆ ಸತ್ತವರು ಇಪ್ಪತ್ತು ಚಿಲ್ಲರೆ. ಅಷ್ಟು ಕಡಿಮೆ ಯಾಕೆಂದರೆ ನವಾಬನ ಸೇನಾಪತಿ ಮೀರ್ ಜಾಫರ್ ಜೊತೆ, ಜಗತ್ ಸೇಠ್ ಎಂಬ ಸಾಹುಕಾರ ಮನೆತನದ ಜೊತೆ ಒಪ್ಪಂದ ಮೊದಲೇ ಆಗಿತ್ತು. ನವಾಬನ ಸೈನ್ಯದ ದೊಡ್ಡ ಪಾಲು ಸುಮ್ಮನೆ ನಿಂತಿತ್ತು. ಯುದ್ಧ ಅನ್ನುವುದಕ್ಕಿಂತ ಅದೊಂದು ವ್ಯವಹಾರ.

ಇನ್ನೊಂದು ದಿನಾಂಕ 1765ರ ಆಗಸ್ಟ್ 12. ಕಂಪನಿ ಗೆದ್ದ ಬಕ್ಸಾರ್ ಕದನ ಮುಗಿದು ವರ್ಷವೂ ಆಗಿರಲಿಲ್ಲ. ಮೊಗಲ್ ಬಾದಶಹ ಎರಡನೇ ಶಾ ಆಲಂ, ಬಂಗಾಳ, ಬಿಹಾರ, ಒರಿಸ್ಸಾಗಳ ದಿವಾನಿಯನ್ನು ಕಂಪನಿಗೆ ಬರೆದುಕೊಟ್ಟ. ದಿವಾನಿ ಎಂದರೆ ಕಂದಾಯ ವಸೂಲಿ ಮಾಡುವ ಹಕ್ಕು. ಬದಲಿಗೆ ಬಾದಶಹನಿಗೆ ವರ್ಷಕ್ಕೆ 26 ಲಕ್ಷ ರೂಪಾಯಿ. ಅಲ್ಲಿಯವರೆಗೆ ಕಂಪನಿ ಇಲ್ಲಿ ಸರಕು ಕೊಳ್ಳಲು ಇಂಗ್ಲೆಂಡಿನಿಂದ ಬೆಳ್ಳಿ ತರಬೇಕಿತ್ತು. ಈಗ ಇಲ್ಲಿನ ರೈತರ ಕಂದಾಯದಿಂದಲೇ ಇಲ್ಲಿನ ಬಟ್ಟೆ ಕೊಂಡು ಹಡಗಿಗೆ ತುಂಬಬಹುದಾಯಿತು. ಸೈನ್ಯದ ಸಂಬಳಕ್ಕೂ ಅದೇ ಹಣ. ಮುಂದಿನ ಯುದ್ಧಗಳಿಗೂ ಅದೇ ಹಣ.

1769-70ರಲ್ಲಿ ಮಳೆ ಕೈಕೊಟ್ಟಿತು. ಬಂಗಾಳದಲ್ಲಿ ಭೀಕರ ಬರ. 1772ರಲ್ಲಿ ಕಂಪನಿಯ ಬಂಗಾಳ ಗವರ್ನರ್ ವಾರನ್ ಹೇಸ್ಟಿಂಗ್ಸ್ ಲಂಡನ್ನಿಗೆ ಬರೆದ ವರದಿಯ ಪ್ರಕಾರ ಮೂರರಲ್ಲಿ ಒಂದು ಪಾಲು ಜನ ಸತ್ತಿದ್ದರು. ಇತ್ತೀಚಿನ ಕೆಲವು ಸಂಶೋಧಕರು ಅದು ಹೆಚ್ಚಾಯಿತು ಎನ್ನುತ್ತಾರೆ. ಆದರೆ ಅದೇ ವರದಿಯಲ್ಲಿ ಇನ್ನೊಂದು ಮಾತಿದೆ: 1771ರಲ್ಲಿ ವಸೂಲಾದ ಕಂದಾಯ ಬರಕ್ಕೆ ಮುಂಚಿನ 1768ನ್ನೂ ಮೀರಿತ್ತು. ಸತ್ತವರ ಪಾಲನ್ನು ಉಳಿದವರಿಂದ ವಸೂಲಿ ಮಾಡಿದ್ದರು.

ಪ್ಲಾಸಿಯನ್ನು ಬಿಟ್ಟು ದಿವಾನಿಯನ್ನು ಹೇಳಲಾಗುವುದಿಲ್ಲ, ನಿಜ. ಆದರೆ ಪ್ಲಾಸಿಯನ್ನು ಹೇಳಿ ಅಲ್ಲಿಗೇ ನಿಲ್ಲಿಸಿದರೆ ಹಳ್ಳಿಯೊಂದರಲ್ಲಿ ಏನಾಯಿತು ಎಂಬುದು ಗೊತ್ತಾಗುವುದೇ ಇಲ್ಲ.

## ಯುದ್ಧ ಒಂದು ಮನೆಗೆ ತಲುಪುವ ಬಗೆ

ಹಳೆಯ ಕೈರೊದ ಒಂದು ಯೆಹೂದಿ ಪ್ರಾರ್ಥನಾ ಮಂದಿರದಲ್ಲಿ, ದೇವರ ಹೆಸರಿರಬಹುದಾದ ಕಾಗದವನ್ನು ಹರಿದು ಬಿಸಾಡಬಾರದೆಂದು ಒಂದು ಕೋಣೆಗೆ ಹಾಕುತ್ತಿದ್ದರು. ಶತಮಾನಗಳ ಕಾಲ ಹಾಕಿದರು. ಹತ್ತೊಂಬತ್ತನೇ ಶತಮಾನದ ಕೊನೆಗೆ ವಿದ್ವಾಂಸರ ಕೈಗೆ ಸಿಕ್ಕಾಗ ಅದರಲ್ಲಿ ಲಕ್ಷಗಟ್ಟಲೆ ತುಣುಕುಗಳಿದ್ದವು. ಮದುವೆ ಕರಾರು, ಅಂಗಡಿ ಲೆಕ್ಕ, ಜಗಳದ ಪತ್ರ, ಎಲ್ಲ.

ಅದರಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ವ್ಯಾಪಾರಿಯ ಕಾಗದಗಳಿವೆ. ಇಂದಿನ ಟ್ಯುನೀಷಿಯಾದ ಮಹ್ದಿಯಾ ಊರಿನವನು. 1132ರ ಹೊತ್ತಿಗೆ ಮಂಗಳೂರಿನಲ್ಲಿ ನೆಲೆಸಿದ್ದ. ಮೆಣಸು, ಏಲಕ್ಕಿ, ಕಬ್ಬಿಣ ಕಳಿಸುತ್ತಿದ್ದ. ಕಂಚಿನ ಪಾತ್ರೆ ಮಾಡಿಸುವ ಕಾರ್ಯಾಗಾರ ಇಟ್ಟಿದ್ದ. ಇಂದಿನ ಯೆಮೆನ್ನಿನ ಬಂದರು ಏಡನ್ನಿನ ಗೆಳೆಯರಿಂದ ಬರೆಯುವ ಕಾಗದ ತರಿಸಿಕೊಳ್ಳುತ್ತಿದ್ದ. ಅದೇ ಕಾಲಕ್ಕೆ ಹೊಯ್ಸಳ ವಿಷ್ಣುವರ್ಧನ ಯುದ್ಧದ ಮೇಲೆ ಯುದ್ಧ ಮಾಡುತ್ತಿದ್ದ. ದೂರದಲ್ಲಿ ಕ್ರೈಸ್ತರ ಎರಡನೇ ಧರ್ಮಯುದ್ಧ ನಡೆದಿತ್ತು. ಪಠ್ಯಪುಸ್ತಕದಲ್ಲಿ ಸಿಗುವುದು ಆ ಎರಡೇ.

ಬೆನ್ ಯಿಜುವಿನ ಪತ್ರಗಳಲ್ಲಿ ಯುದ್ಧ ಇಲ್ಲವೇ? ಇದೆ. 1148ರಲ್ಲಿ ಸಿಸಿಲಿಯ ರಾಜ ರೋಜರ್ ಮಹ್ದಿಯಾವನ್ನು ಹಿಡಿದ. ಮರುವರ್ಷ ಬೆನ್ ಯಿಜು ಏಡನ್ನಿಗೆ ಮರಳಿ ಅಲ್ಲಿಂದ ಒಡಹುಟ್ಟಿದವರಿಗೆ ಪತ್ರ ಬರೆದ. ಕರಾವಳಿಯಲ್ಲಿ ಆದದ್ದನ್ನು ಕೇಳಿದೆ, ನನ್ನಲ್ಲಿ ನಮಗೆಲ್ಲ ಸಾಕಾಗುವಷ್ಟಿದೆ, ಬನ್ನಿ ಎಂಬ ಅರ್ಥದ ಪತ್ರ ಅದು. ಇಲ್ಲಿ ಗೆದ್ದವನ ತಂತ್ರವಿಲ್ಲ, ಹಡಗುಗಳ ಸಂಖ್ಯೆಯಿಲ್ಲ. ಚದುರಿಹೋದ ಒಂದು ಕುಟುಂಬವಿದೆ. ಇದೂ ಯುದ್ಧದ ಚರಿತ್ರೆಯೇ, ಮತ್ತು ನನ್ನ ಪ್ರಕಾರ ಇದು ರೋಜರನ ದಂಡಯಾತ್ರೆಗಿಂತ ಬೇಗ ಅರ್ಥವಾಗುತ್ತದೆ.

## ಪಠ್ಯದಿಂದ ಮೊದಲು ಬೀಳುವುದು ಯಾವುದು

ಸಂಶೋಧನೆ ಇಷ್ಟೆಲ್ಲ ಬದಲಾಗಿದ್ದರೂ ಶಾಲೆಗೆ ಯಾಕೆ ನಿಧಾನವಾಗಿ ಬರುತ್ತದೆ? ಒಂದು ಕಾರಣ ಪರೀಕ್ಷೆ. ಮೂರನೇ ಪಾಣಿಪತ್ ಕದನ ಯಾವಾಗ ಎಂದರೆ ಉತ್ತರ 1761. ಒಂದು ಅಂಕ, ತಕರಾರಿಲ್ಲ. ಆಂಗ್ಲ-ಮೈಸೂರು ಯುದ್ಧಗಳು ನಾಲ್ಕು, ಮೊದಲ ಮೂರಕ್ಕೆ ಒಂದೊಂದು ಒಪ್ಪಂದ: ಮದ್ರಾಸು, ಮಂಗಳೂರು, ಶ್ರೀರಂಗಪಟ್ಟಣ. ಹೊಂದಿಸಿ ಬರೆಯಿರಿ ಪ್ರಶ್ನೆಗೆ ಹೇಳಿ ಮಾಡಿಸಿದ ಹಾಗಿದೆ. ಮೆಣಸಿನಕಾಯಿ ಅಮೆರಿಕದಿಂದ ಬಂದು ಇಲ್ಲಿನ ಬೇಸಾಯವನ್ನು ಹೇಗೆ ಬದಲಿಸಿತು ಎಂಬುದಕ್ಕೆ ಒಂದು ಅಂಕದ ಪ್ರಶ್ನೆ ಮಾಡುವುದು ಕಷ್ಟ. ಮೌಲ್ಯಮಾಪನ ಇನ್ನೂ ಕಷ್ಟ.

ಪ್ರಯತ್ನ ನಡೆದಿಲ್ಲ ಎಂದಲ್ಲ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿನ ನಂತರ ಕೇಂದ್ರದ ಪಠ್ಯಪುಸ್ತಕ ಸಂಸ್ಥೆ ಎನ್‌ಸಿಇಆರ್‌ಟಿ ತಂದ ಒಂಬತ್ತನೇ ತರಗತಿಯ ಇತಿಹಾಸ ಪುಸ್ತಕದಲ್ಲಿ ಕಾಡಿನ ಜನ, ಪಶುಪಾಲಕರು, ರೈತರು, ಜನ ತೊಟ್ಟ ಬಟ್ಟೆ, ಕ್ರಿಕೆಟ್ ಆಟ ಇವುಗಳ ಬಗ್ಗೆ ಅಧ್ಯಾಯಗಳಿದ್ದವು. ಕ್ರಿಕೆಟ್ ಎಂದರೆ ಸ್ಕೋರ್ ಅಲ್ಲ, ಆಳುವವರ ಆಟ ವಸಾಹತಿನವರ ಕೈಗೆ ಹೇಗೆ ಬಂತು ಎಂಬ ಕಥೆ. 2019ರಲ್ಲಿ ಮಕ್ಕಳ ಹೊರೆ ಇಳಿಸಬೇಕೆಂದು ಮೂರು ಅಧ್ಯಾಯ ಕೈಬಿಟ್ಟರು. ಕಾಡು ಮತ್ತು ಪಶುಪಾಲಕರು ಉಳಿದರು. ಫ್ರಾನ್ಸಿನ ಕ್ರಾಂತಿ, ರಷ್ಯಾದ ಕ್ರಾಂತಿ, ಹಿಟ್ಲರನ ಅಧ್ಯಾಯಗಳು ಉಳಿದವು. ಹೋದವು ರೈತರು, ಬಟ್ಟೆ ಮತ್ತು ಕ್ರಿಕೆಟ್.